ಕಾರಿಲ್ಲದೆ ಕರಾವಳಿ: ರೈಲು ಎಲ್ಲಿವರೆಗೆ, ಬಸ್ಸು ಎಲ್ಲಿ, ಸೈಕಲ್ ಎಲ್ಲಿಂದ?

ಪ್ರಶ್ನೆ: ನನಗೆ 47 ವರ್ಷ. ತುಮಕೂರಿನಲ್ಲಿ ಬ್ಯಾಂಕ್ ಕೆಲಸ. ನಾನು, ನಮ್ಮ ಮನೆಯವರು ಇಬ್ಬರೂ ಮೂರು ವರ್ಷದಿಂದ ಭಾನುವಾರ ಗೇರ್ ಸೈಕಲ್‌ನಲ್ಲಿ 30–40 ಕಿ.ಮೀ. ಹೋಗಿಬರುತ್ತೇವೆ. ಡಿಸೆಂಬರ್‌ನಲ್ಲಿ ಎಂಟು ದಿನ ರಜೆ ಹಾಕಿ ಉತ್ತರ ಕನ್ನಡ, ಉಡುಪಿ ಕಡೆ ಕರಾವಳಿ ನೋಡಬೇಕು, ಕಾರು ಬೇಡ, ರೈಲು, ಬಸ್ಸು, ಸೈಕಲ್ ಸೇರಿಸಿಕೊಂಡು ಹೋಗೋಣ ಅಂತ ಆಸೆ. ಆದರೆ ಕೇಳಿದವರೆಲ್ಲ ಹೆದರಿಸುತ್ತಾರೆ. ರೈಲಿಗೆ ಹಾಕಿದರೆ ಸೈಕಲ್ ಮುರಿದು ಬರುತ್ತದೆ, ಇಲ್ಲಾಂದ್ರೆ ಬರುವುದೇ ಇಲ್ಲ ಅಂತಾರೆ. ಸರ್ಕಾರಿ ಬಸ್ಸಿಗೆ ಹತ್ತಿಸುವುದೇ ಇಲ್ಲ ಅಂತಾರೆ. ಘಾಟಿ ಹತ್ತಿ ಇಳಿಯುವ ವಯಸ್ಸಾ ನಿಮ್ಮದು, ಹೈವೇಯಲ್ಲಿ ಲಾರಿಗಳು ಬಿಡುತ್ತಾವಾ ಅಂತಾರೆ. ಮನೆಯವರಿಗೆ ಆಗಾಗ ಮಂಡಿ ನೋವು ಬೇರೆ. ಇದು ನಮ್ಮಿಂದ ಆಗುವ ಕೆಲಸವಾ? ಆಗುವುದಾದರೆ ಹೇಗೆ?

ಉತ್ತರ: ಆಗುತ್ತದೆ. ನಿಮ್ಮ ವಯಸ್ಸಿನವರನ್ನೂ, ನಿಮಗಿಂತ ದೊಡ್ಡವರನ್ನೂ ಇದೇ ಕರಾವಳಿಗೆ ಸೈಕಲ್‌ನಲ್ಲಿ ಕರೆದುಕೊಂಡು ಹೋಗುವುದು ನನ್ನ ಕೆಲಸ. ಭಾನುವಾರ 40 ಕಿ.ಮೀ. ಹೋಗಿ ಸೋಮವಾರ ಕೆಲಸಕ್ಕೆ ಹೋಗುವವರಿಗೆ ದಿನಕ್ಕೆ 50 ಕಿ.ಮೀ. ದೊಡ್ಡ ವಿಷಯವಲ್ಲ.

ನಿಮ್ಮ ಪತ್ರದ ಹಿಂದಿರುವ ನಿಜವಾದ ಭಯ ಬೇರೆ ಅನ್ನಿಸುತ್ತದೆ. ಅರ್ಧ ದಾರಿಯಲ್ಲಿ, ಗೊತ್ತಿಲ್ಲದ ಊರಿನಲ್ಲಿ, ಎರಡು ಸೈಕಲ್ ಇಟ್ಟುಕೊಂಡು ಏನೂ ಮಾಡಲಾಗದೆ ನಿಂತುಬಿಟ್ಟರೆ ಏನು ಗತಿ? ಆ ಭಯಕ್ಕೆ ಕಾರಣವಿದೆ. ಇಂಥ ಪ್ರವಾಸಗಳು ರಸ್ತೆಯಲ್ಲಿ ಕೆಡುವುದು ಕಡಿಮೆ. ರೈಲಿನಿಂದ ಸೈಕಲ್‌ಗೆ, ಸೈಕಲ್‌ನಿಂದ ಬಸ್ಸಿಗೆ ಬದಲಾಯಿಸುವ ಜಾಗಗಳಲ್ಲೇ ಕೆಡುತ್ತವೆ. ಹಾಗಾಗಿ ದಾರಿಗಿಂತ ಮೊದಲು ಈ ಜಾಗಗಳನ್ನು ಗಟ್ಟಿ ಮಾಡಿಕೊಳ್ಳೋಣ.

ಮೊದಲು ರೈಲು.

ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ರೈಲಿನಲ್ಲಿ ಸೈಕಲ್ ಕಳಿಸಲು ಎರಡು ದಾರಿ. ಒಂದು ಲಗೇಜ್. ನಿಮ್ಮ ಪ್ರಯಾಣದ ಟಿಕೆಟ್ ತೋರಿಸಿ ಬುಕ್ ಮಾಡಿದರೆ ಸೈಕಲ್ ನೀವು ಹೋಗುವ ರೈಲಿನಲ್ಲೇ ಬರುತ್ತದೆ. ಇನ್ನೊಂದು ಪಾರ್ಸೆಲ್. ಇದಕ್ಕೆ ದರ ಕಡಿಮೆ, ಆದರೆ ಜಾಗ ಇರುವ ರೈಲಿಗೆ ಹಾಕಿ ಕಳಿಸುತ್ತಾರೆ. ಇವತ್ತೂ ಬರಬಹುದು, ಮೂರು ದಿನ ಬಿಟ್ಟೂ ಬರಬಹುದು. "ಸೈಕಲ್ ಬರಲೇ ಇಲ್ಲ" ಅನ್ನುವ ಕತೆಗಳಲ್ಲಿ ಜಾಸ್ತಿ ಪಾಲು ಇಲ್ಲೇ ಹುಟ್ಟುತ್ತವೆ. ಲಗೇಜ್ ಅಂದುಕೊಂಡು ಪಾರ್ಸೆಲ್ ಮಾಡಿಸಿರುತ್ತಾರೆ. ಕೌಂಟರ್‌ನಲ್ಲಿ ರಶೀದಿ ಕೊಟ್ಟಾಗ ಯಾವ ಬಗೆಯದು, ಯಾವ ರೈಲು, ಎಲ್ಲಿಂದ ಎಲ್ಲಿಗೆ ಅಂತ ಅಲ್ಲೇ ನಿಂತು ಓದಿ ನೋಡಿ.

ಎರಡನೇ ಕಾರಣ, ನಿಲ್ಲುವ ಹೊತ್ತು. ಲಗೇಜ್ ವ್ಯಾನ್ ಇರುವುದು ರೈಲಿನ ತುದಿಯಲ್ಲಿ, ಗಾರ್ಡ್ ಬೋಗಿಯ ಜೊತೆ. ಸಣ್ಣ ಸ್ಟೇಷನ್‌ಗಳಲ್ಲಿ ರೈಲು ಎರಡು ನಿಮಿಷ ನಿಲ್ಲುತ್ತದೆ. ಅಷ್ಟರಲ್ಲಿ ವ್ಯಾನಿನ ಬೀಗ ತೆಗೆದು, ಮುಂದಿರುವ ಮೂಟೆಗಳನ್ನು ಸರಿಸಿ, ಸೈಕಲ್ ಇಳಿಸಲು ಆಗದಿದ್ದರೆ ಅದು ಮುಂದಿನ ಊರಿಗೆ ಹೋಗುತ್ತದೆ. ಇದರಲ್ಲಿ ಯಾರದೂ ಕೆಟ್ಟ ಉದ್ದೇಶ ಇರುವುದಿಲ್ಲ. ಅದಕ್ಕೇ ನಾನು ಪಾಲಿಸುವ ನಿಯಮ ಒಂದೇ: ರೈಲು ಶುರುವಾಗುವ ಊರಿನಲ್ಲಿ ಅಥವಾ ಹೆಚ್ಚು ಹೊತ್ತು ನಿಲ್ಲುವ ದೊಡ್ಡ ಸ್ಟೇಷನ್‌ನಲ್ಲಿ ಹತ್ತಿಸಬೇಕು, ರೈಲು ಕೊನೆಯಾಗುವ ಊರಿನಲ್ಲಿ ಇಳಿಸಬೇಕು.

ಈ ನಿಯಮ ನಿಮಗೆ ಚೆನ್ನಾಗಿ ಹೊಂದುತ್ತದೆ. ಮೈಸೂರಿನಿಂದ ಬೆಂಗಳೂರು ಮೇಲೆ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲಿಗೆ ತಾಳಗುಪ್ಪವೇ ಕೊನೆ. ಜೋಗ ಅಲ್ಲಿಂದ ಸುಮಾರು 15 ಕಿ.ಮೀ. ಆ ರೈಲು ತುಮಕೂರಿನ ಮೇಲೇ ಹೋಗುತ್ತದೆ, ಆದರೆ ಅಲ್ಲಿ ನಡುರಾತ್ರಿ ಅವಸರದಲ್ಲಿ ಸೈಕಲ್ ಹತ್ತಿಸುವ ಸಾಹಸ ಬೇಡ. ಮಧ್ಯಾಹ್ನವೇ ಬೆಂಗಳೂರಿಗೆ ಬನ್ನಿ, ರೈಲು ಹೊರಡುವ ಮೂರು ಗಂಟೆ ಮೊದಲು ಪಾರ್ಸೆಲ್ ಕಚೇರಿಯಲ್ಲಿ ಇರಿ. ಬೆಂಗಳೂರು–ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಕೂಡ ಒಳ್ಳೆಯ ಆಯ್ಕೆಯೇ. ಕಾರವಾರ ಅದರ ಕೊನೆಯ ಸ್ಟೇಷನ್, ಸಂಜೆ ಹೊರಟರೆ ಬೆಳಿಗ್ಗೆ ಅಲ್ಲಿರುತ್ತೀರಿ. ಆದರೂ ನಿಮಗೆ ತಾಳಗುಪ್ಪವೇ ಸರಿ. ಯಾಕೆ ಅಂತ ಘಾಟಿಯ ಮಾತು ಬಂದಾಗ ಹೇಳುತ್ತೇನೆ.

ಮೊದಲೇ ವಿಚಾರಿಸಬೇಕಾದ ವಿಷಯ ಎರಡಿವೆ. ಕೆಲವು ರೈಲುಗಳ ಲಗೇಜ್ ಜಾಗವನ್ನು ಖಾಸಗಿಯವರಿಗೆ ಲೀಸ್‌ಗೆ ಕೊಟ್ಟಿರುತ್ತಾರೆ. ಆಗ ನಿಮ್ಮ ಸೈಕಲ್‌ಗೆ ಜಾಗ ಸಿಗದೆ ಹೋಗಬಹುದು. ಹಾಗೆಯೇ ಎಲ್ಲ ಸ್ಟೇಷನ್‌ಗಳಲ್ಲೂ ಲಗೇಜ್ ಇಳಿಸಿಕೊಂಡು ಕೊಡುವ ವ್ಯವಸ್ಥೆ ಇರುವುದಿಲ್ಲ. ಒಂದೆರಡು ವಾರ ಮೊದಲೇ ಪಾರ್ಸೆಲ್ ಕಚೇರಿಗೆ ಹೋಗಿ, ಈ ರೈಲಿನಲ್ಲಿ ತಾಳಗುಪ್ಪಕ್ಕೆ ಸೈಕಲ್ ಲಗೇಜ್ ತೆಗೆದುಕೊಳ್ಳುತ್ತೀರಾ ಅಂತ ನೇರವಾಗಿ ಕೇಳಿ. ಫೋನಿನಲ್ಲಿ ಕೇಳಿದರೆ ಸುಮ್ನೆ ಒಂದು ಉತ್ತರ ಸಿಗುತ್ತದೆ, ಎದುರಿಗೆ ಹೋದರೆ ಸರಿಯಾದ ಉತ್ತರ ಸಿಗುತ್ತದೆ. ಇಲ್ಲ ಅಂದರೆ ಮೂರು ದಿನ ಮುಂಚೆ ಶಿವಮೊಗ್ಗಕ್ಕೆ ಪಾರ್ಸೆಲ್ ಮಾಡಿ. ಅಲ್ಲಿ ಬಿಡಿಸಿಕೊಂಡು ಬಸ್ಸಿನಲ್ಲೋ ಗೂಡ್ಸ್ ಆಟೋದಲ್ಲೋ ಜೋಗದ ದಾರಿಯಲ್ಲಿರುವ ಸಾಗರ ಪೇಟೆಗೆ ಹೋಗಿ. ಬಂದ ಪಾರ್ಸೆಲ್ ಬಿಡಿಸಿಕೊಳ್ಳುವುದು ತಡವಾದರೆ ದಂಡ ಬೀಳುತ್ತದೆ, ಅದನ್ನೂ ಲೆಕ್ಕದಲ್ಲಿಡಿ.

ಇನ್ನು ಸೈಕಲ್ ಮುರಿಯುವ ವಿಷಯ. ಫ್ರೇಮ್ ಮುರಿದದ್ದು ನಾನು ಕಂಡಿಲ್ಲ. ಪದೇಪದೇ ಕಂಡಿರುವುದು ಹಿಂದಿನ ಡಿರೇಲರ್ ಹ್ಯಾಂಗರ್ ಬಾಗುವುದು. ಗೇರ್ ಬದಲಾಗುವಾಗ ಚೈನನ್ನು ಸರಿಸುವ ಭಾಗವೇ ಡಿರೇಲರ್, ಅದನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ಲೋಹದ ತುಂಡು ಹ್ಯಾಂಗರ್. ಬಲಗಡೆಗೆ ಸೈಕಲ್ ಬಿದ್ದರೆ, ಅಥವಾ ಮೇಲೆ ಮೂಟೆ ಕೂತರೆ, ಅದು ಬಾಗಿ ಗೇರ್ ಕೆಡುತ್ತದೆ. ಒಂದೊಂದು ಮಾಡೆಲ್‌ಗೆ ಒಂದೊಂದು ಹ್ಯಾಂಗರ್, ಕರಾವಳಿಯ ಸಣ್ಣ ಊರಿನ ಅಂಗಡಿಯಲ್ಲಿ ನಿಮ್ಮದು ಸಿಗುವುದಿಲ್ಲ. ಒಂದು ಹೆಚ್ಚಿನದ್ದು ಕೊಂಡು ಬ್ಯಾಗಿಗೆ ಹಾಕಿಕೊಳ್ಳಿ. ಲಗೇಜ್‌ಗೆ ಕೊಡುವ ಮೊದಲು ಚೈನನ್ನು ಹಿಂದಿನ ದೊಡ್ಡ ಹಲ್ಲಿನ ಚಕ್ರಕ್ಕೆ ತನ್ನಿ, ಆಗ ಡಿರೇಲರ್ ಒಳಗೆ ಸರಿದು ಕೂರುತ್ತದೆ. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಸೀಟು ಇಳಿಸಿ. ಲೈಟು, ಬೆಲ್ಲು, ಬಾಟಲಿ ಎಲ್ಲ ಬಿಚ್ಚಿ ಕೈಚೀಲಕ್ಕೆ ಹಾಕಿಕೊಳ್ಳಿ. ಫ್ರೇಮಿಗೆ ಫೋಮ್ ಸುತ್ತಿ, ಅದರ ಮೇಲೆ ಗೋಣಿತಾಟು ಕಟ್ಟಿ. ಹೆಸರು, ಫೋನ್ ನಂಬರ್, ಎಲ್ಲಿಂದ, ಎಲ್ಲಿಗೆ ಅಂತ ದಪ್ಪ ಅಕ್ಷರದಲ್ಲಿ ಎರಡು ಕಡೆ ಬರೆಯಿರಿ. ಸ್ಟೇಷನ್ ಹೊರಗೆ ಪ್ಯಾಕ್ ಮಾಡಿಕೊಡುವವರು ಇರುತ್ತಾರೆ, ಆದರೆ ಡಿರೇಲರ್ ಕಡೆ ಅವರು ನೋಡುವುದಿಲ್ಲ. ಆ ಭಾಗವನ್ನು ನೀವೇ ಮಾಡಿ.

ಮೌಲ್ಯ ಘೋಷಿಸದೆ ಕೊಟ್ಟ ಲಗೇಜ್ ಕಳೆದುಹೋದರೆ ರೈಲ್ವೆಯ ಹೊಣೆ ಕಿಲೋಗೆ 100 ರೂಪಾಯಿಗೆ ಸೀಮಿತ. ನಿಮ್ಮ 15 ಕಿಲೋ ಸೈಕಲ್‌ಗೆ 1,500 ಆಯಿತು. ದುಬಾರಿ ಸೈಕಲ್ ಆಗಿದ್ದರೆ ಮೌಲ್ಯ ಬರೆಸಿ, ಅದಕ್ಕೆ ಹೆಚ್ಚುವರಿ ಶುಲ್ಕ ಕಟ್ಟಿ. ಮತ್ತೆ, ವ್ಯಾನಿಗೆ ಹತ್ತಿಸಿದ್ದನ್ನು ಕಣ್ಣಾರೆ ನೋಡದೆ ನಿಮ್ಮ ಬೋಗಿಗೆ ಹೋಗಬೇಡಿ. ಇಬ್ಬರಿರುವುದು ಇಲ್ಲಿ ಅನುಕೂಲ. ಒಬ್ಬರು ಕಚೇರಿಯಲ್ಲಿ, ಒಬ್ಬರು ಸೈಕಲ್ ಹತ್ತಿರ.

ಬಿಚ್ಚಿ ಬ್ಯಾಗಿಗೆ ತುಂಬಿ ಬರ್ತ್ ಕೆಳಗೆ ಇಡಬಹುದಲ್ವಾ ಅಂತ ಹಲವರು ಕೇಳುತ್ತಾರೆ. 20 ಇಂಚು ಚಕ್ರದ ಮಡಚುವ ಸೈಕಲ್ ಆದರೆ ಸರಿ. ನಿಮ್ಮದು ದೊಡ್ಡ ಫ್ರೇಮ್. ಬೋಗಿಯೊಳಗೆ ಒಯ್ಯುವ ಪೆಟ್ಟಿಗೆಗೆ 100 × 60 × 25 ಸೆಂ.ಮೀ. ಮಿತಿ ಇದೆ, ಅದರೊಳಗೆ ಇದು ಕೂರುವುದಿಲ್ಲ. ಒಬ್ಬ ಟಿ.ಟಿ. ಬಿಡುತ್ತಾರೆ, ಇನ್ನೊಬ್ಬರು ದಂಡ ಹಾಕುತ್ತಾರೆ. ಅಂಥ ಅನಿಶ್ಚಿತತೆಯ ಮೇಲೆ ಎಂಟು ದಿನದ ರಜೆ ನಿಲ್ಲಿಸುವುದು ಬೇಡ.

ಈಗ ಘಾಟಿ. ಘಾಟಿ ಹತ್ತಲೇಬೇಕು ಅಂದವರು ಯಾರು? ತಾಳಗುಪ್ಪದವರೆಗೆ ರೈಲು ನಿಮ್ಮನ್ನು ಮಲೆನಾಡಿನ ಮೇಲಕ್ಕೆ ತಂದು ಬಿಟ್ಟಿರುತ್ತದೆ. ಜೋಗದಿಂದ ಗೇರುಸೊಪ್ಪೆ ಘಾಟಿ ಇಳಿದು, ಶರಾವತಿ ಪಕ್ಕದಲ್ಲೇ ಹೊನ್ನಾವರಕ್ಕೆ ಸುಮಾರು 60 ಕಿ.ಮೀ. ಮೊದಲು ಸ್ವಲ್ಪ ಏರಿಳಿತ, ಆಮೇಲೆ ಕಾಡಿನ ನಡುವೆ ಉದ್ದಕ್ಕೂ ಇಳಿಜಾರು, ಕೊನೆಯಲ್ಲಿ ತೋಟ, ನದಿ, ಸಮತಟ್ಟು. ಕರ್ನಾಟಕದಲ್ಲಿ ಒಂದು ದಿನಕ್ಕೆ ಇಷ್ಟೊಂದು ಬದಲಾಗುವ ಸೈಕಲ್ ದಾರಿ ಇನ್ನೊಂದನ್ನು ನಾನು ಯಾರಿಗೂ ಇಷ್ಟು ಧೈರ್ಯವಾಗಿ ಹೇಳುವುದಿಲ್ಲ. ಮಂಡಿ ನೋವಿರುವವರಿಗೂ ಇದು ನಡೆಯುತ್ತದೆ. ಡಿಸೆಂಬರ್‌ನಲ್ಲಿ ಜೋಗದಲ್ಲಿ ನೀರು ಕಡಿಮೆ, ಮಳೆ ನಿಂತಿರುತ್ತದೆ, ಬಂದ ನೀರನ್ನು ಮೇಲಿನ ಲಿಂಗನಮಕ್ಕಿ ಅಣೆಕಟ್ಟು ಹಿಡಿದಿರುತ್ತದೆ. ಫೋಟೋದಲ್ಲಿ ನೋಡಿದ ಜೋಗ ಸಿಗಲಿಲ್ಲ ಅಂತ ಬೇಸರ ಆಗದಿರಲಿ ಅಂತ ಈಗಲೇ ಹೇಳಿದೆ.

ಇಳಿಯುವಾಗಿನ ಅಪಾಯ ಹತ್ತುವಾಗಿನದಕ್ಕಿಂತ ಹೆಚ್ಚು. ಬ್ರೇಕನ್ನು ಒಂದೇ ಸಮ ಹಿಡಿದುಕೊಂಡೇ ಇಳಿದರೆ ಅದು ಕಾಯುತ್ತದೆ, ಹಿಡಿತ ಹೋಗುತ್ತದೆ. ತಿರುವಿಗೆ ಮೊದಲು ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ, ಮತ್ತೆ ಹಿಡಿಯಿರಿ. ಕೈ ನೋಯುವ ಮೊದಲೇ ನಿಲ್ಲಿ. ಹೊರಡುವ ಮುಂಚೆ ಹೊಸ ಬ್ರೇಕ್ ಪ್ಯಾಡ್ ಹಾಕಿಸಿ. ರಾತ್ರಿ ರೈಲು ಇಳಿದ ದಿನವೇ ಘಾಟಿ ಇಳಿಯಬೇಡಿ. ನಿದ್ದೆಗೆಟ್ಟ ಕಣ್ಣಿಗೆ ತಿರುವು ತಡವಾಗಿ ಕಾಣುತ್ತದೆ. ಆ ದಿನ ಜೋಗದಲ್ಲೇ ಉಳಿಯಿರಿ.

ಬಸ್ಸಿನ ಬಗ್ಗೆ ಕೇಳಿದ್ದೀರಿ. ಸರ್ಕಾರಿ ಬಸ್ಸಿಗೆ ಹತ್ತಿಸುವುದೇ ಇಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಮೇಲೆ ಕ್ಯಾರಿಯರ್, ಹಿಂದೆ ಏಣಿ ಇರುವ ಹಳೆಯ ಕೆಂಪು ಬಸ್ಸುಗಳಲ್ಲಿ ಕಂಡಕ್ಟರ್ ಒಪ್ಪಿದರೆ ಲಗೇಜ್ ಟಿಕೆಟ್ ಹರಿದು ಹಾಕಿಸಿಕೊಳ್ಳುತ್ತಾರೆ. ಹೊಸ ಬಸ್ಸುಗಳಲ್ಲಿ ಹೆಚ್ಚಿನವಕ್ಕೆ ಕ್ಯಾರಿಯರ್ರೇ ಇಲ್ಲ, ಅಲ್ಲಿ ಕಂಡಕ್ಟರ್ ಬೇಡ ಅಂದರೆ ಅದರಲ್ಲಿ ನ್ಯಾಯವಿದೆ. ದಾರಿಯಲ್ಲಿ ಕೈ ತೋರಿಸಿ ನಿಲ್ಲಿಸಿ ಕೇಳಿದರೆ ಖಂಡಿತ ಆಗುವುದಿಲ್ಲ. ಬಸ್ಸು ಹೊರಡುವ ಸ್ಟ್ಯಾಂಡಿಗೆ ಹೋಗಿ, ಕಂಟ್ರೋಲರ್ ಹತ್ತಿರ ಮಾತಾಡಿ, ಕಾಲೇಜು ಹುಡುಗರ ನೂಕುನುಗ್ಗಲು ಇಲ್ಲದ 11ರಿಂದ 3ರ ಒಳಗಿನ ಬಸ್ಸು ಹಿಡಿಯಿರಿ. ಕುಂದಾಪುರ, ಉಡುಪಿ, ಮಂಗಳೂರು ಕಡೆ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳದ್ದೇ ಓಡಾಟ. ಅವು ನಿಲ್ಲುವುದೇ ಅರೆ ನಿಮಿಷ, ಸೈಕಲ್‌ಗೆ ಆಸೆ ಇಟ್ಟುಕೊಳ್ಳಬೇಡಿ.

ನನ್ನ ಸಲಹೆ ಕೇಳಿದರೆ ಬಸ್ಸನ್ನು ನಿಮಗಾಗಿ ಬಳಸಿ, ಸೈಕಲ್‌ಗಾಗಿ ಅಲ್ಲ. ಸೈಕಲ್ ಸಾಗಿಸಲೇಬೇಕಾದ ಕಡೆ ಗೂಡ್ಸ್ ಆಟೋ ಇದೆ. ಕರಾವಳಿಯ ಪ್ರತಿ ಪೇಟೆಯಲ್ಲೂ ಸಿಗುತ್ತದೆ, ಎರಡು ಸೈಕಲ್ ಸುಲಭವಾಗಿ ಹಿಡಿಸುತ್ತದೆ, ಬಾಡಿಗೆ ಮೊದಲೇ ಮಾತಾಡಿದರೆ ಆಯಿತು. ನಡುದಾರಿಯಲ್ಲಿ ಸಿಕ್ಕಿಬಿದ್ದರೆ ಅನ್ನುವ ಭಯಕ್ಕೆ ಮದ್ದು ಇದೇ. ಉಳಿದುಕೊಳ್ಳುವ ಪ್ರತಿ ಊರಿನಲ್ಲೂ ಒಬ್ಬ ಗೂಡ್ಸ್ ಆಟೋದವರ ನಂಬರ್ ಲಾಡ್ಜಿನವರಿಂದ ಬರೆದುಕೊಂಡು ಹೊರಡಿ.

ಒಂದು ದಿನ ಸೈಕಲ್‌ಗಳಿಗೆ ರಜೆ ಕೊಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹೊನ್ನಾವರ ಅದಕ್ಕೆ ಒಳ್ಳೆಯ ಜಾಗ. ಸೈಕಲ್ ಲಾಡ್ಜಿನಲ್ಲಿಟ್ಟು ಬಸ್ಸಿನಲ್ಲಿ ಕುಮಟಾಕ್ಕೆ ಹೋಗಿ. ಅಲ್ಲಿಂದ ಅಘನಾಶಿನಿ ಊರಿಗೆ. ನದಿ ಸಮುದ್ರ ಸೇರುವ ಜಾಗದಲ್ಲಿ ದೋಣಿ ಹತ್ತಿ ತದಡಿಗೆ ದಾಟಿ, ಮತ್ತೆ ಬಸ್ಸು ಹಿಡಿದು ಗೋಕರ್ಣ. ಈ ಅಳಿವೆಯಲ್ಲಿ ಜನ ಇಳಿತದ ಹೊತ್ತಿಗೆ ನೀರಿಗಿಳಿದು ಬಳಚು ಅನ್ನುವ ಚಿಪ್ಪುಮೀನು ಆರಿಸುತ್ತಿರುತ್ತಾರೆ. ಉಪ್ಪುನೀರು ನುಗ್ಗುವ ತಗ್ಗಿನ ಗಜನಿ ಭೂಮಿಯಲ್ಲಿ, ಆ ನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಿದ್ದ, ಈಗಲೂ ಅಲ್ಲಲ್ಲಿ ಬೆಳೆಯುವ ಊರುಗಳು ಇವು. ಕಾರಿನಲ್ಲಿ ಹೈವೇ ಮೇಲೆ ಹೋದವರಿಗೆ ಇದು ಯಾವುದೂ ಕಾಣುವುದಿಲ್ಲ. ಆ ದಿನ ನಿಮಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚೂ ಇಲ್ಲ. ಶಕ್ತಿ ಯೋಜನೆ ಬಂದ 2023ರ ಜೂನ್ 11ರಿಂದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಉಚಿತ. ಗುರುತಿನ ಚೀಟಿ ಮರೆಯಬೇಡಿ. ಖಾಸಗಿ ಬಸ್ಸಿಗೆ, ರಾಜಹಂಸ, ಐರಾವತಕ್ಕೆ ಇದು ಅನ್ವಯಿಸುವುದಿಲ್ಲ.

ಗೋಕರ್ಣದಿಂದ ಹೊನ್ನಾವರಕ್ಕೆ ವಾಪಸ್ ಬರುವಾಗ ಕೊಂಕಣ ರೈಲಿನ ಲೋಕಲ್ ಗಾಡಿಯನ್ನೂ ಹಿಡಿಯಬಹುದು. ಆದರೆ ಒಂದು ವಿಷಯ ಗೊತ್ತಿರಲಿ. 1998ರ ಜನವರಿ 26ರಂದು ಪೂರ್ತಿಯಾಗಿ ತೆರೆದ ಈ ದಾರಿ ಹೆಚ್ಚಿನ ಕಡೆ ಪೇಟೆಗಳಿಂದ ದೂರದಲ್ಲಿ, ಗುಡ್ಡದ ಮಗ್ಗುಲಲ್ಲಿ ಹೋಗುತ್ತದೆ. ಗೋಕರ್ಣ ರೋಡ್ ಸ್ಟೇಷನ್‌ನಿಂದ ಗೋಕರ್ಣಕ್ಕೆ ಸುಮಾರು 10 ಕಿ.ಮೀ. ಉಡುಪಿ ಸ್ಟೇಷನ್ ಇರುವುದು ಇಂದ್ರಾಳಿಯಲ್ಲಿ. ಊರಿನ ಹೆಸರು ನೋಡಿ ರಾತ್ರಿ ಇಳಿದವರು ಆಟೋ ಹುಡುಕಿಕೊಂಡು ಪರದಾಡುವುದು ಇದಕ್ಕೇ.

ಉಳಿದದ್ದು ಹೈವೇ. ಇಲ್ಲಿ ನಿಮ್ಮ ಹಿತೈಷಿಗಳ ಮಾತಿನಲ್ಲಿ ಹುರುಳಿದೆ, ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಒಂದು ಕಡೆ ಘಟ್ಟ, ಇನ್ನೊಂದು ಕಡೆ ಕಡಲು. ನಡುವಿನ ಸಣ್ಣ ಪಟ್ಟಿಯಲ್ಲಿ ಉದ್ದ ದಾರಿ ಅಂತ ಇರುವುದು ರಾಷ್ಟ್ರೀಯ ಹೆದ್ದಾರಿ 66 ಒಂದೇ. ಗೋವಾದಿಂದ ಕೇರಳಕ್ಕೆ ಹೋಗುವ ಮೀನಿನ ಲಾರಿ, ಟ್ಯಾಂಕರ್ ಎಲ್ಲ ಇದರ ಮೇಲೆ. ನಾಲ್ಕು ಲೇನ್ ಆದ ಮೇಲೆ ಹಿಂದಿನಿಂದ ಬರುವ ಲಾರಿಯ ಅಪಾಯ ಕಡಿಮೆಯಾಗಿದೆ. ಎದುರಿನಿಂದ ತಪ್ಪು ದಾರಿಯಲ್ಲಿ ಬರುವ ಬೈಕುಗಳ ಅಪಾಯ ಹೆಚ್ಚಾಗಿದೆ. ತೀರಾ ಎಚ್ಚರ ಬೇಕಾದ್ದು ಸೇತುವೆಗಳ ಮೇಲೆ. ರಸ್ತೆ ಬದಿಯ ಜಾಗ ಅಲ್ಲಿ ತಟ್ಟನೆ ಮುಗಿದುಹೋಗುತ್ತದೆ. ಸೇತುವೆಗೆ ಮೊದಲು ನಿಲ್ಲಿ, ಹಿಂದೆ ನೋಡಿ, ಲಾರಿಗಳ ಗುಂಪು ದಾಟಿದ ಮೇಲೆ ಒಬ್ಬರ ಹಿಂದೆ ಒಬ್ಬರು ಹೋಗಿ. ನದಿ ನೋಡಲು ಸೇತುವೆ ಮೇಲೆ ನಿಲ್ಲಬೇಡಿ.

ಬೆಳಿಗ್ಗೆ ಬೆಳಕು ಹರಿದ ಕೂಡಲೇ ಹೊರಟು 11ರೊಳಗೆ ಆ ದಿನದ ಹೈವೇ ಮುಗಿಸಿ. ಡಿಸೆಂಬರ್ ಅಂದರೂ ಕರಾವಳಿಯಲ್ಲಿ ಮಧ್ಯಾಹ್ನ 32–33 ಡಿಗ್ರಿ ಇರುತ್ತದೆ, ಸೆಖೆ ಬೇರೆ. ತುಮಕೂರಿನ ಒಣ ಹವೆಗೆ ಒಗ್ಗಿದ ಮೈಗೆ ಬಿಸಿಲಿಗಿಂತ ಈ ಬೆವರೇ ಕಷ್ಟ. ಬರೀ ನೀರು ಕುಡಿದರೆ ಸಾಲದು, ಉಪ್ಪು ಹಾಕಿದ ಮಜ್ಜಿಗೆ, ಗಂಜಿ, ಎಳನೀರು ಬೇಕು. ಉತ್ತರದಿಂದ ದಕ್ಷಿಣಕ್ಕೆ ಹೋಗಿ. ಈ ಕಾಲದಲ್ಲಿ ಹಗಲು ಏರಿದಂತೆ ಕಡಲ ಗಾಳಿ ವಾಯವ್ಯದಿಂದ ಬೀಸುತ್ತದೆ, ಬೆನ್ನಿಗೆ ಒಳ್ಳೆಯದು. ಎದುರಿಗೆ ಬಂದರೆ 50 ಕಿ.ಮೀ. 70ರಂತೆ ಅನ್ನಿಸುತ್ತದೆ. ಪಂಕ್ಚರ್ ಆಗುವುದು ಹೆಚ್ಚಾಗಿ ಒಡೆದ ಲಾರಿ ಟೈರುಗಳಿಂದ ಉದುರಿದ ಸಣ್ಣ ತಂತಿಯಿಂದ. ಟೈರಿನ ಒಳಗೆ ಬೆರಳಾಡಿಸಿ ಆ ತಂತಿ ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಅದೂ ಹೋಗುತ್ತದೆ.

ಹೊನ್ನಾವರದಿಂದ ಮುರುಡೇಶ್ವರ 27 ಕಿ.ಮೀ. ಇರಬಹುದು, ಅರ್ಧ ದಿನದ ದಾರಿ. ಮಾರನೇ ದಿನ ಭಟ್ಕಳ, ಬೈಂದೂರು ದಾಟಿ ಮರವಂತೆ. ಎಡಕ್ಕೆ ಸೌಪರ್ಣಿಕಾ, ಬಲಕ್ಕೆ ಕಡಲು, ನಡುವೆ ಹೈವೇ. ಇದನ್ನು ನೋಡಲು ಎಲ್ಲರೂ ಕಾರು ನಿಲ್ಲಿಸುವ ಜಾಗ, ಅದಕ್ಕೇ ಸೈಕಲ್‌ನವರು ಹುಷಾರಾಗಿರಬೇಕಾದ ಜಾಗ ಕೂಡ. ಕುಂದಾಪುರ ದಾಟಿದ ಮೇಲೆ ಹೈವೇ ಬಿಡುವ ಅವಕಾಶ ಸಿಗುತ್ತದೆ. ಕೋಡಿ ಬೆಂಗ್ರೆಯಿಂದ ಹೂಡೆ, ಮಲ್ಪೆ ಕಡೆಗೆ ಕಡಲು ಮತ್ತು ಹೊಳೆಯ ನಡುವಿನ ಸಪೂರ ದಾರಿ ಇದೆ. ಹಂಗಾರಕಟ್ಟೆ ಕಡೆಯಿಂದ ಹೊಳೆ ದಾಟಲು ಆ ದಿನ ಬಾರ್ಜ್ ಅಥವಾ ದೋಣಿ ಇದೆಯಾ ಅಂತ ಅಲ್ಲಿಯವರನ್ನು ಕೇಳಿಯೇ ತಿರುಗಿ, ಇಲ್ಲದಿದ್ದರೆ ಹೈವೇಗೆ ಮರಳಿ ಸುತ್ತಿ ಬನ್ನಿ. ಮಲ್ಪೆಯ ದಕ್ಷಿಣಕ್ಕೆ ಪಡುಕೆರೆಯಿಂದ ಮಟ್ಟುವಿಗೆ ಹೋಗುವ ದಾರಿಯೂ ಇಂಥದ್ದೇ. ಮಟ್ಟು ಗುಳ್ಳ ಅನ್ನುವ ಬದನೆಕಾಯಿ ಬೆಳೆಯುವ ಊರು ಅದು. ಅಲ್ಲಿಂದ ಕಾಪುವಿನ ದೀಪಸ್ತಂಭ ಹತ್ತಿರ, 1901ರದ್ದು.

ಕಾಪುವಿನಿಂದ ಮಂಗಳೂರಿಗೆ ಸೈಕಲ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಸುರತ್ಕಲ್, ಪಣಂಬೂರಿನ ಬಂದರು ಲಾರಿಗಳ ನಡುವೆ ಹೋಗಿ ಪಡೆಯುವುದು ಏನೂ ಇಲ್ಲ. ಇಲ್ಲಿ ಗೂಡ್ಸ್ ಆಟೋ ಮಾಡಿ ಮಂಗಳೂರು ಸೆಂಟ್ರಲ್‌ಗೆ ಹೋಗಿ, ಮಧ್ಯಾಹ್ನವೇ ಪಾರ್ಸೆಲ್ ಕಚೇರಿಯಲ್ಲಿ ಸೈಕಲ್ ಕೊಟ್ಟು ರಾತ್ರಿ ರೈಲು ಹತ್ತಿ. ಪೂರ್ತಿ ದಾರಿ ಸೈಕಲ್‌ನಲ್ಲೇ ಹೋದೆವು ಅಂತ ಹೇಳಿಕೊಳ್ಳಲು ಆಗುವುದಿಲ್ಲ ನಿಜ. ಆದರೆ ನೀವು ಹೊರಟಿದ್ದು ಕರಾವಳಿ ನೋಡಲು ಅಲ್ವಾ?

ರಜೆ ಸಿಗಲಿಲ್ಲ ಅಂತ ಈ ಯೋಜನೆಯನ್ನು ಮಳೆಗಾಲಕ್ಕೆ ಮಾತ್ರ ಮುಂದೂಡಬೇಡಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಇದೇ ಹೈವೇ ಮೇಲೆ ಗುಡ್ಡ ಕುಸಿದು ಜನ ಸತ್ತರು. ಹತ್ತು ದಿನ ಬಿಟ್ಟು ಸಕಲೇಶಪುರ ಘಾಟಿಯ ಎಡಕುಮೇರಿ–ಕಡಗರವಳ್ಳಿ ನಡುವೆ ಮಣ್ಣು ಕುಸಿದು ಬೆಂಗಳೂರು–ಮಂಗಳೂರು ರೈಲುಗಳು ನಿಂತವು. ಹೈವೇ ಅಗಲ ಮಾಡಲು ಗುಡ್ಡದ ಬುಡವನ್ನು ನೆಟ್ಟಗೆ ಕಡಿದಿರುವ ಕಡೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೈಕಲ್‌ನವರು ಇರಬಾರದು. ನವೆಂಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಒಳ್ಳೆಯ ಕಾಲ.

ನಿಮ್ಮ ಮನೆಯವರ ಮಂಡಿ. ಸೈಕಲ್‌ನವರ ಮಂಡಿ ನೋವಿಗೆ ನಾನು ಕಾಣುವ ಸಾಮಾನ್ಯ ಕಾರಣ ಎರಡು: ಸೀಟು ತಗ್ಗಿರುವುದು, ಭಾರದ ಗೇರಿನಲ್ಲಿ ಒತ್ತಿ ತುಳಿಯುವುದು. ಪೆಡಲ್ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಬಾಗಿರಬೇಕು, ಅಷ್ಟು ಎತ್ತರಕ್ಕೆ ಸೀಟು ಏರಿಸಿ ಒಂದು ತಿಂಗಳು ಹಗುರ ಗೇರಿನಲ್ಲಿ ಓಡಿಸಿ ನೋಡಲಿ. ನೋವು ಕಡಿಮೆಯಾಗದಿದ್ದರೆ ಮೂಳೆ ವೈದ್ಯರಿಗೆ ತೋರಿಸಿಯೇ ಹೊರಡಿ. ಹೊರಡುವ ಮೊದಲು ಒಂದೆರಡು ವಾರಾಂತ್ಯ ಶನಿವಾರ, ಭಾನುವಾರ ಎರಡೂ ದಿನ 45 ಕಿ.ಮೀ. ಹೋಗಿ, ಎಂಟು ಕಿಲೋ ಸಾಮಾನು ಕಟ್ಟಿಕೊಂಡು. ಭಾನುವಾರ ಬೆಳಿಗ್ಗೆ ಏಳುವಾಗ ಮೈ ಏನು ಹೇಳುತ್ತದೆ ಅನ್ನುವುದರ ಮೇಲೆ ದಿನದ ದೂರ ನಿಗದಿ ಮಾಡಿ. 35 ಸಾಕು ಅನ್ನಿಸಿದರೆ 35. ಆ ದಾರಿಯಲ್ಲಿ ಉಳಿಯಲು ಊರುಗಳಿಗೇನೂ ಬರವಿಲ್ಲ.

ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 120 ದಿನಕ್ಕೆ ಬದಲಾಗಿ 60 ದಿನ ಮೊದಲು ತೆರೆಯುತ್ತಿದೆ. ಡಿಸೆಂಬರ್ ಕೊನೆಯ ವಾರದ ಟಿಕೆಟ್ ಬೇಗ ಮುಗಿಯುತ್ತದೆ, ಮೊದಲ ಎರಡು ವಾರಗಳಲ್ಲಿ ರಜೆ ಸಿಕ್ಕರೆ ನೋಡಿ. ಟಿಕೆಟ್ ತೆಗೆಯುವ ಮೊದಲು ಪಾರ್ಸೆಲ್ ಕಚೇರಿಯ ಉತ್ತರ ತಿಳಿದುಕೊಳ್ಳಿ. ತಾಳಗುಪ್ಪಕ್ಕೆ ಆಗುವುದಿಲ್ಲ ಅಂದರೆ ಶಿವಮೊಗ್ಗಕ್ಕೇ ಟಿಕೆಟ್ ಮಾಡಿ.